ಟಿಕೆಟಿನ ಹಿಂದೆ ಬರೆದದ್ದು

ಇಪ್ಪತ್ತೊಂದು ವರ್ಷ ಚೀಟಿ ಹರಿದವಳು ನಾನು,
ಮಂಡ್ಯ–ಮೇಲುಕೋಟೆ, ಮಂಡ್ಯ–ಮಳವಳ್ಳಿ,
ನಡುವೆ ಒಂದಷ್ಟು ದಿನ ಮೈಸೂರಿನ ಷಟಲ್.
ನನ್ನ ಮನೆಯೊಳಗೇ ಬಂದು ಯಾರೂ ಚೀಟಿ ಕೇಳಿರಲಿಲ್ಲ
ಮೊನ್ನೆ, ಸುಭಾಷ್‌ನಗರದ ಈ ಪಡಸಾಲೆಯಲ್ಲಿ ನಿಂತು
ಬೀದಿ ಕೋಣೆಯ ನೀಲಗಂಗಾ ಕೇಳುವತನಕ:
"ಅಕ್ಕಾ, ಬಾಡಗಿ ರಸೀದಿ ಬೇಕಾಗ್ಯದ್ರಿ,
ನಿಮ್ದು ಪ್ಯಾನ್ ನಂಬರೂ ಕೇಳ್ಯಾರ್ರಿ ಆಫೀಸಿನ್ಯಾಗ."

ಕಲಬುರಗಿ ಕಡೆಯ ನರ್ಸು.
ರಾತ್ರಿ ಪಾಳಿ ಮುಗಿಸಿ ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಾಳೆ
ನನ್ನ ನಿದ್ದೆ ಕೆಡದಿರಲೆಂದು.
ನಾನೋ ಮೊದಲ ಟ್ರಿಪ್ಪಿಗೆ ಆಗಲೇ ಜಡೆ ಹಾಕುತ್ತಿರುತ್ತೇನೆ.

ತಿಂಗಳಿಗೆ ಎಂಟೂವರೆ ಸಾವಿರ.
ವರ್ಷಕ್ಕೆ ಲಕ್ಷ, ಮೇಲೆ ಎರಡು ಸಾವಿರ.
"ಆ ಎರಡೇ ಕನಕ್ಕ ನಿನ್ನ ಗೋಳಾಡ್ಸದು,"
ಕಾಂಪೌಂಡಿನಾಚೆಯಿಂದ ಚನ್ನಾಜಮ್ಮ,
"ಎಂಟ್ ಸಾವ್ರದ್ ಮುನ್ನೂರು ಅಂತ ಬರ್ಕೊಡು,
ಮಿಕ್ಕಿದ್ ಇನ್ನೂರ ಕೈಗೆ ಈಸ್ಕೊ.
ಪ್ಯಾನೂ ಬ್ಯಾಡ, ಪೀನೂ ಬ್ಯಾಡ. ಯಾವನ್ ಬಂದ್ ನೋಡಾನು?"

ಬಂದು ನೋಡುತ್ತಾರೆ.
ಮದ್ದೂರಿನಾಚೆ ಒಂದು ಹುಣಸೆಮರವಿದೆ,
ಅದರ ನೆರಳಿಗೆ ಜೀಪು ಹಚ್ಚಿಕೊಂಡು ಕಾಯುತ್ತಾರೆ.
ಬ್ಯಾಗು ಸುರುವಿ, ನಾಣ್ಯ ಸಾಲಿಟ್ಟು ಎಣಿಸಿ
ನನಗೆ ಮೆಮೊ ಕೊಟ್ಟರು ಹನ್ನೆರಡು ರೂಪಾಯಿಗೆ.
ಕಡಿಮೆ ಇತ್ತೆಂದಲ್ಲ, ಹೆಚ್ಚಿತ್ತೆಂದು.
ಅದೊಬ್ಬ ಅಜ್ಜಿಯ ಚಿಲ್ಲರೆ.
ಚೀಟಿಯ ಹಿಂದೆ ಬರೆದುಕೊಟ್ಟಿದ್ದೆ,
ಕೇಳದೆ ಇಳಿದುಹೋಗಿದ್ದಳು.

ಆಡಿಟರ್ ಪಾರ್ಶ್ವನಾಥಯ್ಯ ಕೇಳಿದರು:
"ಮನೆಯಲ್ಲಿ ಎಷ್ಟು ನಿಮ್ಮದು, ಎಷ್ಟು ಬಾಡಿಗೆಯದು?"
ಟೇಪು ಹಿಡಿದು ಅಳೆದು ತಂದಿದ್ದೆ. ಕೋಣೆ ಹತ್ತು–ಹನ್ನೊಂದು.
ಅಲ್ಲಿಗೆ ಸಲೀಸು.
ನಲ್ಲಿ ಇಬ್ಬರದು.
ತಂತಿಯ ಮೇಲೆ ಅವಳ ಬಿಳಿ ಕೋಟು, ನನ್ನ ಖಾಕಿ, ನಡುವೆ ಒಂದೇ ಕ್ಲಿಪ್ಪು.
ಭಾನುವಾರ ನನ್ನ ಬಸ್ಸಾರು ಆ ಕಡೆ ಹೋಗುತ್ತದೆ,
ಗೋಡೆ ದಾಟಿ ರೊಟ್ಟಿ ಬಡಿಯುವ ಸದ್ದು ಮೊದಲು,
ಆಮೇಲೆ ರೊಟ್ಟಿ.
ಅದಕ್ಕೆ ಯಾವ ಕಾಲಂ ಸಾರ್?
ಕನ್ನಡಕದ ಮೇಲಿಂದ ನೋಡಿ ಅಂದರು,
"ಕೋಣೆ ಮಾತ್ರ ಬರ್ಕೊಳೋಣ."

ಕೋಣೆಯ ಪಾಲಿನ ಮನೆಕಂದಾಯ ಕಳೆದರು, ನಾನು ಕಟ್ಟಿದ್ದಷ್ಟು.
ಉಳಿದದ್ದರಲ್ಲಿ ನೂರಕ್ಕೆ ಮೂವತ್ತು ಕಳೆದರು.
ಇದ್ಯಾಕೆ?
"ರಿಪೇರಿಗೆ. ಸುಣ್ಣಬಣ್ಣ, ಸವಕಳಿ.
ನೀವು ಮಾಡಿಸಿದ್ರೂ ಇಷ್ಟೇ, ಮಾಡಿಸದಿದ್ರೂ ಇಷ್ಟೇ.
ಬಿಲ್ಲು ಕೇಳಲ್ಲ. ಮಿಕ್ಕಿದ್ದು ನಿಮ್ಮ ಸಂಬಳದ ಜೊತೆ ಸೇರುತ್ತೆ."

ಬಿಲ್ಲು ಕೇಳದ ಸರ್ಕಾರ!
ಬಸ್ಸಿಳಿದು ಮನೆತನಕ ಅದೇ ಯೋಚನೆ.

ಆ ಕೋಣೆಯಲ್ಲಿ ಮೂರು ವರ್ಷ ಮಲಗಿದ್ದಳು ನನ್ನತ್ತೆ.
ಮಾತು ಬಿದ್ದುಹೋದ ಮೇಲೆ ಲೋಟದಿಂದ ಗೋಡೆ ಬಡಿದು ಕರೆಯುತ್ತಿದ್ದಳು,
ಮಾತಿದ್ದಾಗ ಬೈದಷ್ಟೇ ಸಲ.
ಅಲ್ಲಿ ಅಂಗೈಯಗಲ ಗಾರೆ ಉದುರಿದೆ.
ಮಂಚ ಮಾರಿದೆ, ಫಿನಾಯಿಲ್ ಹಾಕಿ ಏಳು ಸಲ ತೊಳೆದೆ,
ಅದನ್ನು ಮಾತ್ರ ಮೆತ್ತಿಸಲಿಲ್ಲ.
ಕೋಣೆ ನೋಡಲು ಬಂದ ದಿನ ನೀಲಗಂಗಾ
ಅದರ ಮೇಲೆ ಬೆರಳಾಡಿಸಿ ಕೇಳಿದಳು,
"ಪೇಷಂಟ್ ಇದ್ರೇನ್ರಿ ಇಲ್ಲಿ?"
ಬೇರೇನೂ ಕೇಳದೆ ಅಡ್ವಾನ್ಸು ಎಣಿಸಿದಳು.

ರಶೀದಿ ಬರೆದೆ. ಎಂಟು ಸಾವಿರದ ಐನೂರು, ಅಕ್ಷರದಲ್ಲೂ.
ಪ್ಯಾನ್ ನಂಬರು, ಒಂದೊಂದೇ ಅಕ್ಷರ ಕಾರ್ಡಿಗೆ ತಾಳೆ ನೋಡಿ.
ರೆವಿನ್ಯೂ ಸ್ಟಾಂಪಿಗೆ ನಾಲಗೆ ಸವರಿ ಅಂಟಿಸಿ
ಅರ್ಧ ಅದರ ಮೇಲೆ ಅರ್ಧ ಹೊರಗೆ
ಕೆಂಪಾಜಮ್ಮ ಎಂದು ರುಜು ಹಾಕಿದೆ.
ಆಮೇಲೆ ಹಳೇ ಚಟ, ಕೈ ತಾನಾಗಿ ಕಾಗದ ತಿರುವಿತು.
ಹಿಂದೆ ಬರೆದೆ:
ಗೋಡೆ ಬಾಕಿ.

ಓದಿ ನಕ್ಕಳು.
"ಹಿಂದ ಬರದ್ರ ತಗೋಳಂಗಿಲ್ರಿ ಅಲ್ಲಿ,
ಇನ್ನೊಂದ್ ಬರಕೊಡ್ರಿ."
ಮೊದಲನೆಯದನ್ನು ಮಡಚಿ ಕೋಟಿನ ಜೇಬಿಗಿಟ್ಟುಕೊಂಡಳು, ಯಾಕೆ ಎಂದು ಕೇಳಲಿಲ್ಲ.

ಇನ್ನೊಂದು ಹಾಳೆ, ಇನ್ನೊಂದು ಸ್ಟಾಂಪು.
ಆ ಒಂದು ರೂಪಾಯಿಯನ್ನು
ಮೂವತ್ತರಲ್ಲಿ ಹಾಕಿಕೊಂಡೆ.