ತಿತಿಮತಿಯಲ್ಲಿ ಟೋಲ್

ಐಫೆಲ್ ನೋಡಿದ್ರಾ ಅಂತ ಕೇಳುತ್ತೀರಿ, ಬೊಳ್ಳಮ್ಮ ಮಾವಿ,
ಅಮ್ಮತ್ತಿಯ ಕೋಳಿ ಅಂಗಡಿ ಮುಂದೆ ಚೀಲ ಹಿಡಿದುಕೊಂಡೇ.
ನೋಡಿದೆವು. ನಾಲ್ಕು ಕಾಲು ನೋಡಿದೆವು.
ಕತ್ತೆತ್ತುವಷ್ಟರಲ್ಲಿ ಅಪ್ಪಚ್ಚುವಿಗೆ ಅವಸರ,
ಅಲ್ಲಿ ಉಚ್ಚೆಗೂ ಒಂದು ಯೂರೋ,
ಚಿಲ್ಲರೆ ಹುಡುಕುವಷ್ಟರಲ್ಲಿ ಚಡ್ಡಿ ಒದ್ದೆ.

ಹನ್ನೊಂದು ದಿನ, ನಾಲ್ಕು ಮಕ್ಕಳು, ಬಾಡಿಗೆಯ ಒಂದು ಬೂದು ವ್ಯಾನು.
ಎರಡು ನನ್ನವು, ಎರಡು ನಾದಿನಿಯವು;
ಮೂರನೆಯ ದಿನಕ್ಕೆ ಲೆಕ್ಕ ಕಲಸಿಹೋಯಿತು,
ಯಾರು ಅತ್ತರೂ ನಾನೇ ಅವ್ವ,
ಯಾರು ಕಕ್ಕಿದರೂ ಕವರು ಹಿಡಿಯುವವ ಉತ್ತಯ್ಯ.

ಸ್ಟಿಯರಿಂಗ್ ನನ್ನದು.
ಗೊಬ್ಬರದ ಮೂಟೆ ಹೇರಿದ ಪಿಕಪ್ಪನ್ನು
ತೋಟದ ಕೆಸರಲ್ಲಿ ಹಿಂದೆ ತಿರುಗಿಸಿದ ಕೈ ಇದು,
ಅಲ್ಲಿ ಗೇರೆಂದು ಬಾಗಿಲಿನ ಹಿಡಿಯನ್ನು ಎಳೆದದ್ದು ಎಷ್ಟು ಸಲವೋ.
‘ಬಲಕ್ಕೆ ಅವ್ವಾ, ಬಲಕ್ಕೆ!’
ಹಿಂದಿನ ಸೀಟಿನಲ್ಲಿ ಚೋಂದು ಪೊಲೀಸು.
‘ಇನ್ನೂ ಎಷ್ಟು ದೂರ?’ ಪೂಣಚ್ಚ.
‘ವಿರಾಜಪೇಟೆಗೆ ಹೋಗಿ ಬಂದಷ್ಟು.’
‘ಎಷ್ಟು ಸಲ ಹೋಗಿ ಬಂದಷ್ಟು?’
‘ಹತ್ತು ಸಲ.’
‘ನಡುವೆ ಬೇಕರಿಗೆ ನಿಲ್ಲಿಸಿಯೋ, ನಿಲ್ಲಿಸದೆಯೋ?’

ಆಲ್ಪ್ಸಿನ ತಿರುವುಗಳಲ್ಲಿ ಬಿಳಿಯರ ಮಕ್ಕಳು
ಕಾರು ನಿಲ್ಲಿಸಿ ರಸ್ತೆಯಂಚಿಗೆ ಬಗ್ಗಿದ್ದರು.
ನಮ್ಮವು ಚಿಪ್ಸ್ ತಿನ್ನುತ್ತಿದ್ದವು.
ಸಂಪಾಜೆ ಘಾಟಿಯಲ್ಲಿ ಪಳಗಿದ ಕರುಳು ಮಾವಿ!
ಕಕ್ಕಿದ್ದು ಆಮೇಲೆ, ಜರ್ಮನಿಯ ಬಯಲಲ್ಲಿ,
ಗೆರೆ ಎಳೆದಂಥ ದಾರಿಯಲ್ಲಿ, ನಾಲ್ಕೂ ಸಾಲಾಗಿ.
ನೇರ ರಸ್ತೆ ಅವಕ್ಕೆ ಆಗಿಬರಲಿಲ್ಲ.

ನೀವು ಕೊಟ್ಟ ಕಾಚಂಪುಳಿ ಬಾಟಲಿ ಡಿಕ್ಕಿಯಲ್ಲಿ ಒಡೆಯಿತು.
ವ್ಯಾನು ಮರಳಿಸುವಾಗ ಏಜೆನ್ಸಿಯ ಹುಡುಗ
ಕಪ್ಪು ಕಲೆ ಮೂಸಿ, ಹೌಹಾರಿ, ಎಂಜಿನ್ ಬಿಚ್ಚಿ ನೋಡಿದ.

ನಗಬೇಡಿ. ಒಂದು ರಾತ್ರಿ ನಾನೂ ಅತ್ತೆ.
ಹೆದ್ದಾರಿ ಪಕ್ಕದ ಹೋಟೆಲು, ಆರು ಜನಕ್ಕೆ ಎರಡು ಮಂಚ,
ಬಚ್ಚಲ ನೆಲದ ಮೇಲೆ ಕೂತು ಕಾಲ್ಚೀಲ ಒಗೆಯುತ್ತ
ಎರಡು ವರ್ಷದ ಮೆಣಸಿನ ದುಡ್ಡು, ಯಾಕೆ ಬಂದೆವು ಅಂದೆ.
ಉತ್ತಯ್ಯ ಮಾತಾಡಲಿಲ್ಲ,
ಹೀಟರಿನ ಮೇಲೆ ಚಡ್ಡಿ ಹರವುತ್ತಿದ್ದ,
ಚಿಕ್ಕದರಿಂದ ದೊಡ್ಡದಕ್ಕೆ, ಸಾಲಾಗಿ.

ಫ್ರಾನ್ಸಿನ ಟೋಲು ಗೇಟಿನಲ್ಲಿ ಮನುಷ್ಯರಿಲ್ಲ.
ಬುಟ್ಟಿಯಂಥ ಒಂದು ಬಾಯಿ; ನಾಣ್ಯ ಎಸೆದರೆ ಕೋಲು ಏಳುತ್ತದೆ.
ಎಸೆಯುವುದಕ್ಕೆ ಸರದಿ, ಸರದಿಗೆ ಜಗಳ.
ಅಪ್ಪಚ್ಚುವಿನ ಸರದಿ ಬರುವ ಹೊತ್ತಿಗೆ ದೇಶವೇ ಮುಗಿಯಿತು.
ಮುಷ್ಟಿಯೊಳಗೆ ನಾಣ್ಯ ಬೆವರಿತು.
ವಿಮಾನದಲ್ಲೂ ಬಿಚ್ಚಲಿಲ್ಲ ಮುಷ್ಟಿ.

ಬೆಂಗಳೂರಿಂದ ಬರುವಾಗ ಉತ್ತಯ್ಯನ ಕೈಗೆ ಜೀಪು.
ಹುಣಸೂರು, ಆನೆಚೌಕೂರು, ಕತ್ತಲು ಇಳಿಯುತ್ತಿತ್ತು,
ಹಿಂದೆ ಕಿಟಕಿಗಾಗಿ ಹೊಡೆದಾಟ.
ತಿತಿಮತಿಗೆ ಸ್ವಲ್ಪ ಮುಂಚೆ
ಎದುರಿನ ಲಾರಿ ನಿಂತಿತು. ದೀಪ ಆರಿಸಿತು.
ನಾವೂ ಆರಿಸಿದೆವು.

ಮೊದಲು ಕಾಲುಗಳೇ ಕಂಡದ್ದು.
ಬೂದು ಕಾಲು, ಹಿಂದೆ ಬೂದು ಕಾಲು,
ಮರಿಗಳು ಯಾರ್ಯಾರವೋ, ನಡುವೆ ನುಸುಳಿಕೊಂಡು.
ಕೊನೆಯದೊಂದು ರಸ್ತೆ ಮಧ್ಯೆ ನಿಂತುಬಿಟ್ಟಿತು,
ಮರೆತದ್ದೇನನ್ನೋ ನೆನೆಸಿಕೊಳ್ಳುವ ಹಾಗೆ.
ಹನ್ನೊಂದು ದಿನ ಬಾಯಿ ಮುಚ್ಚದ ನಾಲ್ಕು ಮಕ್ಕಳು
ಉಸಿರೂ ಬಿಡಲಿಲ್ಲ ಮಾವಿ.
ಎಂಜಿನ್ ಆರುವಾಗಿನ ಟಿಕ್ ಟಿಕ್ ಕೇಳುತ್ತಿತ್ತು.

ಆಗ ಅಪ್ಪಚ್ಚು ನನ್ನ ಕಿವಿಯಲ್ಲಿ,
ನಾದಿನಿಯ ಮಗ ಅವನು, ಆದರೂ,
‘ಅವ್ವಾ, ಟೋಲಾ? ಈಗ ನನ್ನ ಸರದಿ.’

ಗಾಜು ಇಳಿಸಬಾರದಿತ್ತು. ಎರಡು ಬೆರಳಷ್ಟು ಇಳಿಸಿದೆ.
ಅದು ನಿಧಾನಕ್ಕೆ ಬಾಲ ಒದರಿ ಕಾಡಿಗೆ ಇಳಿಯಿತು.
‘ತೆರೀತು,’ ಅಂದ ಅವನು.

ಆ ನಾಣ್ಯ ಇನ್ನೂ ಅಲ್ಲೇ ಬಿದ್ದಿರಬೇಕು,
ಮೋರಿಯ ಹತ್ತಿರ, ಹುಣಸೂರಿಗೆ ಹೋಗುವಾಗ ಎಡಕ್ಕೆ.
ಅಲ್ಲ, ಬಲಕ್ಕೆ.
ತಾಳಿ ಮಾವಿ,
ನನಗೀಗಲೂ ತಕ್ಷಣ ಗೊತ್ತಾಗುವುದಿಲ್ಲ.