ಟಿಕೆಟಿನ ಹಿಂದಿನ ಬಾಕಿ

ಬೀಳಗಿಯಾಗ ಹತ್ತಿದಳು ರುಕಯ್ಯಾ ಬೇಪಾರಿ,
ವಿಜಯಪುರದ ಕಾಲೇಜಿಗೆ ದಿನಾ ಹೋಗಾಕಿ,
ಕೊರಳಾಗ ಮದುವಿ ತೆಗೆಯೋ ಮಾಮಾನ ಹಳೇ ಕ್ಯಾಮೆರಾ.
"ಅಕ್ಕಾರ, ಒಂದು ಸ್ಪರ್ಧಾ ಐತಿ.
ಎಲ್ಲಾ ದೇಶದಿಂದ ಫೋಟೋ ಬರ್ತಾವಂತ.
ವಿಷಯ ಏನ್ ಗೊತ್ತೇನ್ರಿ? ಚೇಂಜ್."

ನಾ ಚೀಲಕ್ಕ ಕೈ ಹಾಕಿದೆ:
"ಎಷ್ಟರದು ಬೇಕವ್ವಾ? ಐನೂರರದಾದ್ರ ಇಲ್ಲ."

ಬಸ್ಸಿನ ಅರ್ಧ ನಕ್ಕಿತು.
ಉಳಿದರ್ಧ ಖರೇನ ಚಿಲ್ಲರಿ ಕಾಯಾಕತ್ತಿತ್ತು.

ನನಗೇನು ಗೊತ್ತಿಲ್ಲೇನು ಬದಲಾವಣಿ?
ಹನ್ನೆರಡು ವರ್ಷ ಆತು ಈ ಸೀಟಿ ಊದಾಕ ಹತ್ತಿ.
ಮೊದಲ, ಸಂಜಿಕ ಡಿಪೋದಾಗ ಚೀಲ ಇಳಿಸಿದ್ರ
ಬಲಭುಜ ತಾನ ಮ್ಯಾಲ ಏಳತಿತ್ತು.
ಈಗ ಕೊರಳಾಗ ಸ್ಕ್ಯಾನ್ ಮಾಡೋ ಚೀಟಿ,
ತಾಳಿ ಜೋಡಿ ದಿನಪೂರ್ತಿ ತಿಕ್ಕಾಟ.
ಹೆಣ್ಮಕ್ಕಳಿಗೆ ಸೊನ್ನಿ ಟಿಕೆಟ್ಟು.
ಸೊನ್ನಿಗೆ ಯಾವ ಚಿಲ್ಲರಿ ಕೊಡ್ಲಿ?

ಕೃಷ್ಣಾ ಸೇತುವೆ ಮ್ಯಾಲ ಕಿಡಕಿಗೆ ಆತು ನಿಂತು
ಹಿನ್ನೀರು ತೆಗೆದಳು, ನೀರಾಗಿನ ಬೋಳುಗಿಡ ತೆಗೆದಳು.
ತಾನ ನೋಡಿ ತಾನ ಮುಖ ಕಿವುಚಿದಳು:
"ಇದನ್ನ ಯಾರರೇ ಕಳಸ್ತಾರ್ರಿ."

ಕೊಲ್ಹಾರದಾಗ ನೀಲಗಂಗವ್ವ,
ಮೊಸರಿನ ಗಡಿಗಿ ತೊಡಿ ನಡುವ ಇಟಗೊಂಡು ಕುಂತಾಕಿ,
ಚೇಂಜ್ ಅನ್ನೂದು ಒಂದ ಕಿವ್ಯಾಗ ಬಿತ್ತು ನೋಡು,
ಸೆರಗಿನ ಗಂಟು ಬಿಚ್ಚಿದಳು.
ರೊಕ್ಕಲ್ಲ. ಟಿಕೆಟ್ಟು.
ಸುರುಳಿ ಸುರುಳಿ, ಬಾಡಿದ ಎಲಿಯಂಗ.
"ಆ ಪೋರಿಗೆ ಆಮ್ಯಾಲೆ. ಮೊದಲ ನಂದು ಕೊಡು."

ಬಿಡಿಸಿದೆ. ಮುಂದಿನ ಮೈ ಬೆಳ್ಳಗ.
ನಿಗಮದ ಹೆಸರಿಲ್ಲ, ತಾರೀಖಿಲ್ಲ,
ಎಲ್ಲಿಂದ ಎಲ್ಲಿಗೆ ಅನ್ನೂದೂ ಇಲ್ಲ.
ಮಷೀನು ಬರೆದದ್ದನ್ನ ಬೆವರು ತಿಂದಿತ್ತು.
ಹಿಂದ ಮಾತ್ರ ಬಾಲ್‌ಪೆನ್ನು,
ಅಂಕಿ ಸುತ್ತ ಅವಸರದ ಒಂದು ಗೋಲು:
೭. ೪. ೧೨. ೯. ೫.
ಇಳಿಯೂಮುಂದ ತಗೋರಿ ಅಂತ ಬರಕೊಟ್ಟದ್ದು.
ಇಳಿಯೂಮುಂದ ಗಡಿಗಿ ದೊಡ್ಡದು, ಏಳು ರೂಪಾಯಿ ಸಣ್ಣದು.

ಮೂವತ್ತೇಳು ಎಣಿಸಿ ಕೊಟ್ಟೆ.
ಹತ್ತರವು ಮೂರು, ಐದರದೊಂದು, ಎರಡರದೊಂದು.
ಐದರದ್ದನ್ನ ತಿರುಗಿ ನನ್ನ ಅಂಗೈಗೆ ಒತ್ತಿದಳು.
"ಇದು ನಿಂದಲ್ಲ. ಬರದದ್ದು ನೋಡು."

ಕೆಂಪು ಶಾಯಿ. ಐದರ ಬಾಲ ಉದ್ದ,
ಮುಂದಿನ ಸ್ಟಾಪಿನ ತನಕ ಎಳೆದಂಗ.
ಮಾನಪ್ಪ ಬಡಿಗೇರ.
ನನಗ ಈ ರೂಟು ಕಲಿಸಿದಾತ,
ಕೊರೋನಾದ ಎರಡನೇ ವರ್ಷ
ದವಾಖಾನಿಯಿಂದ ಹೊಳ್ಳಿ ಬರಲಾರದಾತ.
ಒಂದಕ್ಷರ ಓದಾಕ ಬಾರದಾಕಿ
ಕೈ ಯಾರದು ಅನ್ನೂದು ಓದಿದ್ದಳು.

"ಆತನ ಬಾಕಿ ಆತನ ಕೊಡಲಿ," ಅಂದಳು,
ಅದೊಂದನ್ನ ಮಡಚಿ ಮತ್ತ ಗಂಟು ಹಾಕಾಕತ್ತಿದಳು.

ರುಕಯ್ಯಾ ಉಸಿರು ಹಿಡಿದು ಕ್ಯಾಮೆರಾ ಎತ್ತಿದಳು.
ಅಷ್ಟರಾಗ ಹಿಂದ ಯಾರೋ ಇಳಿದರು.
ಬಾಯಿ ರೂಢಿ, ಕೇಳೂದಿಲ್ಲ: "ರೈಟ್!" ಅಂದೆ.
ಬಸ್ಸು ಜಗ್ಗಿತು.

ಸಿಕ್ಕದ್ದು: ಅರ್ಧ ಗಡಿಗಿ, ನನ್ನ ಖಾಕಿ ತೋಳು,
ಬಿಸಲಿನ ಒಂದು ಗೆರಿ. ಗಂಟಿಲ್ಲ, ಬೆರಳಿಲ್ಲ.
ಹಟ ಹಿಡಿದು ಅದನ್ನ ಕಳಿಸಿದಳು.
ಫೋಟೋಕ್ಕ ಇಂಗ್ಲಿಷಿನ್ಯಾಗ ಹೆಸರು ಬೇಕಂತ.
ಚೇಂಜ್ ಅಂತನ ಬರಿ ಅಂದೆ.
ಬರದಳು. ಅವರು ಯಾವ ಚೇಂಜ್ ಓದಿದರೋ.

ಮೂರು ತಿಂಗಳಿಗೆ ಉತ್ತರ ಬಂತು,
ಭಾಗವಹಿಸಿದ್ದಕ್ಕ ಧನ್ಯವಾದ.
ಗೆದ್ದದ್ದು ಕರಗೂ ಹಿಮದ ಗುಡ್ಡ, ಮೊಬೈಲಿನ್ಯಾಗ ತೋರಿಸಿದಳು.
ಚಲೋನ ಇತ್ತು.
"ಅದರ ಹಿಂದ ಏನರೇ ಬರದಿತ್ತೇನ?" ಅಂತ ಕೇಳಿದೆ.
ಹುಚ್ಚಿಯನ್ನ ನೋಡಿದಂಗ ನೋಡಿದಳು.

ಆ ಐದು ರೂಪಾಯಿ ಚೀಲದ ಒಳಜೇಬಿನ್ಯಾಗ ಐತಿ.
ದಿನಾ ಸಂಜಿಕ ಲೆಕ್ಕಕ್ಕ ಐದು ಹೆಚ್ಚಿಗಿ ಬರತೈತಿ.
ಕ್ಯಾಷಿಯರು ಮುಖ ಎತ್ತೂದರೊಳಗ
ತೆಗೆದು ಬಾಜೂಕ ಇಡತೀನಿ,
ಮತ್ತ ಮೊದಲಿಂದ ಎಣಸತೀನಿ.