ಮದ್ದಿಲ್ಲದ ಗುಳಿ

ತೊಂಬತ್ತಾರು ಗುಳಿಗಳ ತಟ್ಟೆ, ಅಂಗೈಯಗಲ.
ಎಮೇಶೆ ಅದನ್ನು ಕರಿಕಾಗದದ ಮೇಲೆ ಹಿಡಿದು
ಓರೆಯಾಗಿ ನೋಡುತ್ತಾಳೆ:
ಮಂಜಾದರೆ ಯೀಸ್ಟ್ ಗೆದ್ದಿದೆ,
ತಿಳಿಯಾದರೆ ಬೊಟೊಂಡ್.

ಹನ್ನೊಂದು ತಿಂಗಳು ಕುದಿಸಿ, ಸೋಸಿ
ಅವನು ತಂದದ್ದು ಉಗುರುತುದಿಯಷ್ಟು ಹಳದಿ ಪುಡಿ.
ಹೆಸರಿಲ್ಲ ಅದಕ್ಕೆ, ನಂಬರು ಮಾತ್ರ.
ಬಾಗಿಲಲ್ಲೇ ನಿಂತಿದ್ದಾನೆ, ಕೇಳುವುದಿಲ್ಲ.
ಹೊರಗೆ ಸೆಗೆಡ್‌ನ ಮೊದಲ ಟ್ರಾಮು.

ತಿಳಿ. ತಿಳಿ. ಕೊನೆಯ ಸಾಲೂ ತಿಳಿ.
ಅವನು ಉಸಿರು ಬಿಗಿಹಿಡಿದ.
ಅವಳು ಮಾತ್ರ ಮೂಲೆಯ ಗುಳಿಗೆ ಬೆರಳಿಟ್ಟಳು:
ಮದ್ದೇ ಹಾಕದ ಗುಳಿ,
ಯೀಸ್ಟ್ ಕೊಬ್ಬಿ ಬೆಳೆಯಬೇಕಿದ್ದ ಗುಳಿ.
ಅದೂ ತಿಳಿ.

"ಸತ್ತದ್ದನ್ನೇ ಕೊಂದಿದ್ದೇವೆ, ಬೊಟೊಂಡ್."

ಫ್ರಿಜ್ಜಿನಿಂದ ಬೇರೊಂದು ಸೀಸೆ ತೆಗೆದಳು.
ಮುಚ್ಚಳ ತಿರುಗಿಸುತ್ತಲೇ
ಉಬ್ಬಿದ ಬ್ರೆಡ್ಡುಹಿಟ್ಟಿನ ವಾಸನೆ.
ಹೇಳಬಾರದು, ಆದರೂ
ಇಬ್ಬರಿಗೂ ಹಸಿವಾಯಿತು.